ಪ್ರಾಗ್‌ನ ವಾಲಿದ ಗೋರಿಗಲ್ಲುಗಳು

ಕಲ್ಲಿನ ಸ್ಮಾರಕಗಳ ಸಂರಕ್ಷಣೆ ನನ್ನ ವೃತ್ತಿ. ಜೆಕ್ ದೇಶದ ರಾಜಧಾನಿ ಪ್ರಾಗ್ ನಗರದ ಹಳೆಯ ಯಹೂದಿ ಸ್ಮಶಾನದ ಫೋಟೊ ತೋರಿಸಿದರೆ ವಿದ್ಯಾರ್ಥಿಗಳು ಮೊದಲು ಕೇಳುವುದು ಒಂದೇ: ಇಷ್ಟು ಹೆಸರಾದ ಜಾಗದಲ್ಲಿ ಕಲ್ಲುಗಳನ್ನು ಯಾಕೆ ನೆಟ್ಟಗೆ ನಿಲ್ಲಿಸಿಲ್ಲ?

ಉತ್ತರ ಮಣ್ಣಿನಡಿ ಇದೆ. ಯಹೂದಿ ಧರ್ಮಶಾಸ್ತ್ರದ ಪ್ರಕಾರ ಒಮ್ಮೆ ಹೂತ ದೇಹವನ್ನು ಕದಲಿಸುವಂತಿಲ್ಲ. ಯಹೂದಿಗಳ ಕೇರಿಗೋ ಸುತ್ತ ಬೆಳೆಯಲು ಜಾಗವಿರಲಿಲ್ಲ. ಹಾಗಾಗಿ ಸ್ಮಶಾನ ತುಂಬಿದಾಗ ಹಳೆಯ ಗೋರಿಗಳ ಮೇಲೆ ಹೊಸ ಮಣ್ಣು ಹೊಯ್ದು, ಅದರಲ್ಲಿ ಮತ್ತೆ ಹೂಳುತ್ತಾ ಹೋದರು. ಕೆಳಗಿನವರ ಹೆಸರು ಅಳಿಯಬಾರದಲ್ಲ, ಅವರ ಕಲ್ಲುಗಳನ್ನೂ ಎತ್ತಿ ಮೇಲಿನ ಪದರದಲ್ಲೇ ನೆಟ್ಟರು. ಕೆಲವೆಡೆ ಹತ್ತು-ಹನ್ನೆರಡು ಪದರಗಳಿವೆ ಎನ್ನಲಾಗುತ್ತದೆ. ನೆಲ ಸುತ್ತಲಿನ ಬೀದಿಗಿಂತ ಎತ್ತರಕ್ಕೆ ಏರಿದೆ. ಈಗ ಕಣ್ಣಿಗೆ ಬೀಳುವ ಕಲ್ಲುಗಳೇ ಸುಮಾರು 12,000. ಸಡಿಲ ಮಣ್ಣಿನಲ್ಲಿ ಭಾರದ ಕಲ್ಲು ಒಂದಕ್ಕೊಂದು ಒರಗದೆ ಇನ್ನೇನು ಮಾಡೀತು? ನೆಟ್ಟಗೆ ಮಾಡಬೇಕೆಂದರೆ ಅಡಿಪಾಯ ತೋಡಬೇಕು. ತೋಡಿದರೆ ಮೂಳೆ ಸಿಗುತ್ತದೆ. ಈ ವಾಲುವಿಕೆಯನ್ನು ನಾವು ‘ಸರಿಪಡಿಸಿದರೆ’ ಮೂರೂವರೆ ಶತಮಾನದ ಜಾಗದ ಬರವನ್ನೇ ಅಳಿಸಿದಂತೆ.

ಇಲ್ಲಿನ ಅತಿ ಹಳೆಯ ಕಲ್ಲು 1439ರದು, ಕವಿ, ರಬ್ಬಿ (ಯಹೂದಿ ಧರ್ಮಗುರು) ಅವಿಗ್ದೋರ್ ಕಾರಾ ಅವರದು. 1389ರಲ್ಲಿ ಪ್ರಾಗ್‌ನ ಯಹೂದಿಗಳ ಮೇಲೆ ನಡೆದ ಹತ್ಯಾಕಾಂಡದಲ್ಲಿ ಬದುಕುಳಿದು ಅದರ ಶೋಕಗೀತೆ ಬರೆದವರು ಅವರು. ಸ್ಮಶಾನದಲ್ಲಿ ಈಗ ನಿಂತಿರುವುದು ಪ್ರತಿಕೃತಿ. ಮರಳುಗಲ್ಲಿನ ಅಕ್ಷರ ಮಳೆ, ಹಿಮ, ಹೊಗೆಗೆ ಪದರ ಪದರವಾಗಿ ಉದುರುವುದರಿಂದ ಅದು ಸರಿಯಾದ ನಿರ್ಧಾರ.

ಕಲ್ಲುಗಳ ಮೇಲಿನ ಕೆತ್ತನೆ ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯದು. ಎರಡು ಅಂಗೈ ಕೆತ್ತಿದ್ದರೆ ಪುರೋಹಿತ ವಂಶ, ಹೂಜಿ ಇದ್ದರೆ ಪುರೋಹಿತರ ಕೈಗೆ ನೀರೆರೆಯುತ್ತಿದ್ದ ಲೇವಿ ವಂಶ, ಕತ್ತರಿ ಇದ್ದರೆ ದರ್ಜಿ. 1613ರಲ್ಲಿ ತೀರಿಕೊಂಡ ಇತಿಹಾಸಕಾರ, ಖಗೋಳಜ್ಞ ಡೇವಿಡ್ ಗಾನ್ಸ್ ಅವರ ಕಲ್ಲಿನಲ್ಲಿ ಹೆಬ್ಬಾತು ಇದೆ; ಜರ್ಮನ್‌ನಲ್ಲಿ ‘ಗಾನ್ಸ್’ ಎಂದರೆ ಹೆಬ್ಬಾತು. 1609ರಲ್ಲಿ ತೀರಿಕೊಂಡ, ದಂತಕಥೆಗಳಲ್ಲಿ ಪವಾಡಪುರುಷರಾಗಿ ಹೆಸರಾದ ರಬ್ಬಿ ಯೆಹೂದಾ ಲೋವ್ ಅವರ ಗೋರಿಗೆ ಬರುವವರು ಬೆಣಚುಕಲ್ಲು ಇಡುತ್ತಾರೆ, ಹರಕೆಯ ಚೀಟಿ ಸಂದಿಗೆ ತುರುಕುತ್ತಾರೆ. ಬೆಣಚುಕಲ್ಲಿನಿಂದ ಕೆಡುಕಿಲ್ಲ. ಚೀಟಿ ಮಾತ್ರ ನೀರು ಹೀರಿ ಹಿಡಿದಿಡುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಬಿರುಕನ್ನು ಹಿಗ್ಗಿಸುತ್ತದೆ. ಭಕ್ತಿಗೆ ಅಡ್ಡಿ ಹೇಳಲು ಮನಸ್ಸಿಲ್ಲ, ಆದರೆ ಚೀಟಿಯನ್ನು ಸಂದಿಗೆ ತುರುಕದೆ ಬೆಣಚುಕಲ್ಲಿನ ಕೆಳಗಿಡಿ ಎಂದೇ ಕೇಳಿಕೊಳ್ಳುತ್ತೇನೆ.

ಊರೊಳಗೆ ಹೂಳಬಾರದೆಂದು ಆಗ ಪ್ರಾಗ್ ಅನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿ ಎರಡನೇ ಜೋಸೆಫ್ ಆಜ್ಞೆ ಹೊರಡಿಸಿದ ಮೇಲೆ, 1787ರಲ್ಲಿ ಇಲ್ಲಿ ಕೊನೆಯ ಶವಸಂಸ್ಕಾರ ನಡೆಯಿತು. ಆಮೇಲೆ, 1680ರ ಪ್ಲೇಗ್ ಕಾಲದಲ್ಲೇ ತೆರೆದಿದ್ದ, ಪ್ರಾಗ್‌ನ ಝಿಝ್ಕೋವ್ ಬಡಾವಣೆಯ ಯಹೂದಿ ಸ್ಮಶಾನ ಮುಖ್ಯವಾಯಿತು. 1890ರ ಸುಮಾರಿಗೆ ಹೊಸ ಸ್ಮಶಾನ ಬಂತು. ಲೇಖಕ ಫ್ರಾಂಜ್ ಕಾಫ್ಕಾ ಅವರ ಗೋರಿ ಇರುವುದು ಅಲ್ಲಿ.

ಝಿಝ್ಕೋವ್‌ನ ಕಥೆ ನನಗೆ ಹೆಚ್ಚು ನೋವು ಕೊಡುತ್ತದೆ. ಅದರ ಬಹುಭಾಗವನ್ನು ಕಮ್ಯುನಿಸ್ಟ್ ಆಡಳಿತ ಉದ್ಯಾನ ಮಾಡಿತು. 1980ರ ದಶಕದಲ್ಲಿ ಅಲ್ಲೇ ಟಿವಿ ಗೋಪುರದ ಕೆಲಸ ಶುರುವಾಯಿತು. ಆ ಕಾಲದಲ್ಲೇ ಯಹೂದಿ ಸ್ಮಶಾನಗಳ ಗೋರಿಗಲ್ಲುಗಳನ್ನು ಒಡೆದು ರಸ್ತೆಗೆ ಹಾಸುಗಲ್ಲು ಮಾಡಿದ್ದರು. 2020ರಲ್ಲಿ ಪ್ರಾಗ್ ನಡುವಿನ ವೆನ್ಸೆಸ್ಲಾಸ್ ಚೌಕದ ಹಾಸುಗಲ್ಲುಗಳನ್ನು ಕಿತ್ತಾಗ ಕೆಲವುಗಳ ತಳದಲ್ಲಿ ನುಣುಪಾದ ಮೈ, ಹೀಬ್ರೂ ಅಕ್ಷರ, ಇಸವಿಗಳು ಕಂಡವು. ಒಂದು ಮುಷ್ಟಿಗಾತ್ರದ ತುಂಡಿನಲ್ಲಿ ಉಳಿಯುವುದು ಒಂದೆರಡು ಅಕ್ಷರ. ಯಾರ ಕಲ್ಲೆಂದು ಅದರಿಂದ ಹೇಳಲಾಗದು. 2022ರಲ್ಲಿ ಅವುಗಳಿಂದ ಝಿಝ್ಕೋವ್ ಸ್ಮಶಾನದಲ್ಲೇ ಸ್ಮಾರಕ ಕಟ್ಟಿದರು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ದಾರಿ ಇರಲಿಲ್ಲ. ಬೇರೆ ಬೀದಿಗಳ ಹಾಸುಗಲ್ಲುಗಳನ್ನೂ ಕೀಳುವಾಗ ಮಗುಚಿ ನೋಡಬೇಕು.