ಒಕ್ಲಹಾಮಾ: ಹುಲ್ಲು ಬೆಳೆಯುವವರೆಗೆ ಎಂದು ಕೊಟ್ಟ ನೆಲ

ಟೆಕ್ಸಾಸ್‌ನ ನೆತ್ತಿಯ ಮೇಲೆ, ಹಿಡಿಯನ್ನು ಪಶ್ಚಿಮಕ್ಕೆ ಚಾಚಿದ ಬಾಣಲೆಯಂತೆ ನಕಾಶೆಯಲ್ಲಿ ಕಾಣುವ ಅಮೆರಿಕದ ರಾಜ್ಯ ಒಕ್ಲಹಾಮಾ. ಗೋಧಿ, ದನ, ತೈಲ, ಸುಂಟರಗಾಳಿ: ಹೊರಗಿನವರಿಗೆ ಅದರ ಪರಿಚಯ ಹೆಚ್ಚಾಗಿ ಇಷ್ಟೇ. ಆದರೆ ಅಲ್ಲಿನ ರಾಜಕೀಯದ, ನ್ಯಾಯಾಲಯದ ಜಗಳಗಳ ಬುಡ ಕೆದಕಿದರೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ. ಈ ನೆಲವನ್ನು ಯಾರಿಗೆ ಕೊಟ್ಟಿದ್ದರು, ಕೊಟ್ಟದ್ದನ್ನು ಯಾವ ಕಾನೂನಿನಿಂದ ಕಸಿದುಕೊಂಡರು?

1829ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕ್ರೀಕ್ ಎಂಬ ಮೂಲನಿವಾಸಿ ಜನರಿಗೊಂದು ಸಂದೇಶ ಕಳುಹಿಸಿದ. ಮಿಸಿಸಿಪ್ಪಿ ನದಿಯಾಚೆ ಹೋಗಿ ನೆಲೆಸಿದರೆ ಹುಲ್ಲು ಬೆಳೆಯುವವರೆಗೆ, ನೀರು ಹರಿಯುವವರೆಗೆ ಆ ಭೂಮಿಯಲ್ಲಿ ನೀವೂ ನಿಮ್ಮ ಮಕ್ಕಳೂ ಇರಬಹುದು ಎಂದು ಅದರಲ್ಲಿ ಮಾತು ಕೊಟ್ಟಿದ್ದ. ಮರುವರ್ಷವೇ ಸ್ಥಳಾಂತರ ಕಾಯ್ದೆ ಬಂತು. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಫ್ಲಾರಿಡಾ ಕಡೆಯ ಚೆರೋಕಿ, ಕ್ರೀಕ್, ಚಾಕ್ಟಾ, ಚಿಕಸಾ, ಸೆಮಿನೋಲ್ ಎಂಬ ಐದು ಜನಾಂಗಗಳನ್ನು ಒಕ್ಕಲೆಬ್ಬಿಸಿ ಇಲ್ಲಿಗೆ ಅಟ್ಟಲಾಯಿತು. 1838–39ರಲ್ಲಿ ಹೊರಟ ಸುಮಾರು 16,000 ಚೆರೋಕಿಗಳಲ್ಲಿ 4,000ದಷ್ಟು ಜನ ಹಸಿವು, ಚಳಿ, ಕಾಯಿಲೆಗಳಿಗೆ ಬಲಿಯಾದರೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಆ ದಾರಿಯನ್ನು ಇಂದಿಗೂ ಕಣ್ಣೀರಿನ ಹಾದಿ ಎನ್ನುತ್ತಾರೆ.

ಬಂದವರೇನೂ ಊರು, ಕಾನೂನು ಕಾಣದ ಜನರಲ್ಲ. 1821ರ ಹೊತ್ತಿಗೆ ಸಿಕ್ವೋಯಾ ಎಂಬ ಚೆರೋಕಿ ತನ್ನ ಭಾಷೆಗೆ ಲಿಪಿ ರೂಪಿಸಿದ್ದ. 1828ರಲ್ಲೇ ಆ ಲಿಪಿಯಲ್ಲಿ ಪತ್ರಿಕೆ ಅಚ್ಚಾಗುತ್ತಿತ್ತು. ಅದು ನಮ್ಮ ‘ಮಂಗಳೂರು ಸಮಾಚಾರ’ ಹೊರಬರುವುದಕ್ಕೆ 15 ವರ್ಷ ಮೊದಲಿನ ಮಾತು. ಹೊಸ ನೆಲದಲ್ಲಿ ಅವರು ಸಂವಿಧಾನ ಬರೆದುಕೊಂಡರು, ನ್ಯಾಯಾಲಯ ಕಟ್ಟಿದರು, 1851ರಲ್ಲಿ ಹೆಣ್ಣುಮಕ್ಕಳಿಗಾಗಿ ವಿದ್ಯಾಲಯ ತೆರೆದರು. ಅವರಲ್ಲಿ ಅನುಕೂಲಸ್ಥರಾಗಿದ್ದವರು ತಮ್ಮೊಂದಿಗೆ ಕಪ್ಪು ಗುಲಾಮರನ್ನೂ ತಂದಿದ್ದರು. ಇದನ್ನು ಬಿಟ್ಟು ಒಕ್ಲಹಾಮಾದ ಕಥೆ ಹೇಳುವುದು ಪ್ರಾಮಾಣಿಕತೆಯಲ್ಲ.

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಈ ಜನಾಂಗಗಳು ಗುಲಾಮಗಿರಿಯ ಪರವಿದ್ದ ದಕ್ಷಿಣದ ರಾಜ್ಯಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದವು. ದಕ್ಷಿಣ ಸೋತಿತು. 1866ರ ಹೊಸ ಒಪ್ಪಂದಗಳಲ್ಲಿ ಸರ್ಕಾರ ಅವರ ಪಶ್ಚಿಮದ ಭೂಮಿಯನ್ನು ಕಿತ್ತುಕೊಂಡಿತು. ಬಿಡುಗಡೆಯಾದ ಗುಲಾಮರನ್ನೂ ಅವರ ಸಂತತಿಯನ್ನೂ ತಮ್ಮ ಪ್ರಜೆಗಳೆಂದು ಒಪ್ಪುವುದಾಗಿ ಕ್ರೀಕ್, ಚೆರೋಕಿ ನಾಯಕರು ಸಹಿ ಹಾಕಿದರು.

ಹಾಗೆ ಕಿತ್ತುಕೊಂಡ ನೆಲದ ನಡುಭಾಗದ ಸುಮಾರು 20 ಲಕ್ಷ ಎಕರೆಯನ್ನು 1889ರ ಏಪ್ರಿಲ್ 22ರಂದು ವಲಸಿಗರಿಗೆ ತೆರೆಯಲಾಯಿತು. ಮಧ್ಯಾಹ್ನ 12ಕ್ಕೆ ಸೂಚನೆ ಸಿಕ್ಕೊಡನೆ ಸುಮಾರು 50,000 ಮಂದಿ ಕುದುರೆ, ಗಾಡಿ, ರೈಲುಗಳಲ್ಲಿ ಒಳನುಗ್ಗಿದರು. ಮೊದಲು ತಲುಪಿ ಗೂಟ ನೆಟ್ಟವನಿಗೆ 160 ಎಕರೆ. ಬೆಳಿಗ್ಗೆ ಬಯಲಾಗಿದ್ದ ಗತ್ರಿ, ಒಕ್ಲಹಾಮಾ ಸಿಟಿಗಳಲ್ಲಿ ಸಂಜೆಗೆ ಸಾವಿರಾರು ಜನರ ಡೇರೆಗಳಿದ್ದವು. ಗಡುವಿಗೆ ಮುನ್ನವೇ ಕದ್ದು ನುಸುಳಿ ಒಳ್ಳೆಯ ಜಾಗ ಹಿಡಿದವರನ್ನು ‘ಸೂನರ್’ ಎಂದು ಬೈದರು. ಇಂದು ಅದೇ ರಾಜ್ಯದ ಅಡ್ಡಹೆಸರು. ವಿಶ್ವವಿದ್ಯಾಲಯದ ಫುಟ್ಬಾಲ್ ತಂಡಕ್ಕೂ ಅದೇ ಹೆಸರು. ಮುನ್ನುಗ್ಗುವ ಛಲವನ್ನು ಮೆಚ್ಚುವುದು ಅಲ್ಲಿನವರ ಸ್ವಭಾವ, ನಿಜ. ಆದರೆ ಆ ಛಲಕ್ಕೆ ಬೆಲೆ ತೆತ್ತವರನ್ನು ಮರೆತು ಸಂಭ್ರಮಿಸುವುದನ್ನು ನಾನು ಒಪ್ಪಲಾರೆ.

ಪೂರ್ವದಲ್ಲಿ ಉಳಿದಿದ್ದ ಭೂಮಿ ಇಡೀ ಸಮುದಾಯದ ಒಡೆತನದ್ದು. 1898ರ ಕರ್ಟಿಸ್ ಕಾಯ್ದೆ ಅದನ್ನು ತುಂಡರಿಸಿ ತಲೆಗಿಷ್ಟೆಂದು ಹಂಚಿತು, ಜನಾಂಗಗಳ ನ್ಯಾಯಾಲಯಗಳನ್ನೂ ಮುಚ್ಚಿಸಿತು. ಬಿಡಿ ಬಿಡಿ ಒಡೆಯರ ಕೈಗೆ ಬಂದ ಹೊಲ ಸಾಲಕ್ಕೆ, ಮೋಸಕ್ಕೆ, ನ್ಯಾಯಾಲಯ ನೇಮಿಸಿದ ‘ಪೋಷಕರ’ ದುರಾಸೆಗೆ ಕರಗುತ್ತ ಹೋಯಿತು. 1905ರಲ್ಲಿ ಐದು ಜನಾಂಗಗಳ ಪ್ರತಿನಿಧಿಗಳು ಮಸ್ಕೋಗಿಯಲ್ಲಿ ಸೇರಿ, ಸಿಕ್ವೋಯಾ ಹೆಸರಿನ ಪ್ರತ್ಯೇಕ ರಾಜ್ಯ ಕೊಡಿ ಎಂದು ಸಂವಿಧಾನವನ್ನೇ ಸಿದ್ಧಪಡಿಸಿದರು. ಅಮೆರಿಕದ ಸಂಸತ್ತು ಕಿವಿಗೊಡಲಿಲ್ಲ. 1907ರ ನವೆಂಬರ್ 16ರಂದು ಎರಡೂ ಭಾಗಗಳನ್ನು ಸೇರಿಸಿ ಒಕ್ಲಹಾಮಾವನ್ನು 46ನೇ ರಾಜ್ಯವೆಂದು ಘೋಷಿಸಲಾಯಿತು. ಹೊಸ ಶಾಸನಸಭೆ ಮಾಡಿದ ಮೊದಲ ಕಾನೂನು, ರೈಲಿನಲ್ಲಿ ಕಪ್ಪುಜನರನ್ನು ಬೇರೆ ಕೂರಿಸುವುದು. 14 ವರ್ಷಗಳ ಬಳಿಕ ಟಲ್ಸಾದ ಗ್ರೀನ್‌ವುಡ್‌ನಲ್ಲಿ ಬಿಳಿಯರ ಗುಂಪು ಕಪ್ಪುಜನರ ಸುಮಾರು 35 ಬ್ಲಾಕ್‌ಗಳಷ್ಟು ಮನೆ, ಅಂಗಡಿಗಳನ್ನು ಸುಟ್ಟಿತು.

ಆಮೇಲೆ ಒಂದು ಶತಮಾನ, ಪೂರ್ವದ ಒಪ್ಪಂದಗಳೆಲ್ಲ ಸತ್ತವೆಂದೇ ರಾಜ್ಯ ನಂಬಿತ್ತು. ಕ್ರೀಕ್ ನೆಲದಲ್ಲಿ ನಡೆದ ಅಪರಾಧಕ್ಕೆ ರಾಜ್ಯ ಶಿಕ್ಷಿಸಿದ್ದ ಮೆಕ್‌ಗರ್ಟ್ ಎಂಬ ಮೂಲನಿವಾಸಿಯ ಪ್ರಕರಣದಲ್ಲಿ, 2020ರ ಜುಲೈ 9ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ನಂಬಿಕೆಯನ್ನು ಅಲುಗಿಸಿತು. ಹೊಲ ಹಂಚಿದರೆ ಒಡೆತನ ಬದಲಾಗಬಹುದು, ಆದರೆ ಕ್ರೀಕ್ ಮೀಸಲು ಪ್ರದೇಶದ ಗಡಿ ಅಳಿಯಬೇಕಾದರೆ ಸಂಸತ್ತು ಹಾಗೆಂದು ಹೇಳಿರಬೇಕು. ಅದು ಎಂದೂ ಹೇಳಿಲ್ಲ ಎಂಬುದು ನ್ಯಾಯಮೂರ್ತಿ ನೀಲ್ ಗೋರ್ಸಚ್ ಅವರ ತೀರ್ಪಿನ ಸಾರ. ಯಾರ ಹಕ್ಕುಪತ್ರವೂ ರದ್ದಾಗಲಿಲ್ಲ. ಆದರೆ ಆ ಗಡಿಯೊಳಗೆ ಮೂಲನಿವಾಸಿಗಳೇ ಆರೋಪಿಗಳಾದ ಅಪರಾಧಗಳ ಮೊಕದ್ದಮೆ ನಡೆಸುವ ಅಧಿಕಾರ ರಾಜ್ಯದ ಕೈತಪ್ಪಿತು. ಅದೇ ತರ್ಕವನ್ನು ರಾಜ್ಯದ ನ್ಯಾಯಾಲಯ ಉಳಿದ ನಾಲ್ಕು ಜನಾಂಗಗಳಿಗೂ ಅನ್ವಯಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಹಿಂದೆ ಸರಿದು, ಮೂಲನಿವಾಸಿಗಳ ಮೇಲೆ ಹೊರಗಿನವರು ಎಸಗುವ ಅಪರಾಧಗಳಲ್ಲಿ ರಾಜ್ಯಕ್ಕೂ ಅಧಿಕಾರವುಂಟು ಎಂದಿತು.

ರಾಜ್ಯದ ಚುನಾಯಿತ ಗವರ್ನರ್ ಕೆವಿನ್ ಸ್ಟಿಟ್ ಸ್ವತಃ ಚೆರೋಕಿ ಪ್ರಜೆಯಾಗಿದ್ದೂ ಮೆಕ್‌ಗರ್ಟ್ ತೀರ್ಪನ್ನು ಬಲವಾಗಿ ವಿರೋಧಿಸಿದರು. ಆದರೆ 2023ರಲ್ಲಿ ಜನಾಂಗಗಳೊಂದಿಗಿನ ತಂಬಾಕು ತೆರಿಗೆ, ವಾಹನ ನೋಂದಣಿ ಒಪ್ಪಂದಗಳನ್ನು ಮುಂದುವರಿಸುವ ಮಸೂದೆಗಳನ್ನು ಅವರು ತಡೆದಾಗ, ಅವರದೇ ಪಕ್ಷದ ಬಹುಮತವಿದ್ದ ಶಾಸನಸಭೆ ಆ ತಡೆಯನ್ನು ತಳ್ಳಿಹಾಕಿತು.

ಹಳೆಯ ಕಾಗದ ಜನಾಂಗಗಳನ್ನೂ ಬಿಟ್ಟಿಲ್ಲ. ಕ್ರೀಕ್ ಜನರು 1979ರ ತಮ್ಮ ಸಂವಿಧಾನದಲ್ಲಿ ಗುಲಾಮರ ಸಂತತಿಯನ್ನು ಪೌರತ್ವದಿಂದ ಹೊರಗಿಟ್ಟಿದ್ದರು. 2025ರ ಜುಲೈನಲ್ಲಿ ಅವರದೇ ಸರ್ವೋಚ್ಚ ನ್ಯಾಯಾಲಯ, 1866ರ ಒಪ್ಪಂದ ಇನ್ನೂ ಜೀವಂತವಾಗಿದೆ, ಆ ಸಂತತಿಯವರೂ ಕ್ರೀಕ್ ಪ್ರಜೆಗಳಾಗಲು ಅರ್ಹರು ಎಂದು ತೀರ್ಪು ಕೊಟ್ಟಿತು.