ಗುಜರಿ ಸಿಂತ್‌ಗಳ ಚಂದ್ರಯಾನ: ‘ಮೂನ್ ಸಫಾರಿ’ ಹುಟ್ಟಿದ ಕಥೆ

‘ಮೂನ್ ಸಫಾರಿ’ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಇದು ತೊಂಬತ್ತರ ದಶಕದ ಅತಿ ಚೆಂದದ ಆಲ್ಬಂಗಳಲ್ಲಿ ಒಂದು. ಇನ್ನೊಂದು, ಇದು ಕಾಫಿ ಅಂಗಡಿಯಲ್ಲಿ ಹಿಂದೆ ಸುಮ್ನೆ ಓಡುತ್ತಿರಲಿ ಎಂದು ಹಾಕುವ ಸಂಗೀತ, ಅಷ್ಟೇ. ಎರಡನ್ನೂ ಒಬ್ಬರೇ ಹೇಳುವುದೂ ಉಂಟು. ನಾನಂತೂ ಇದನ್ನು ಮೊದಲು ಕೇಳಿದ್ದು ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ, ಸರದಿಗೆ ಕಾಯುತ್ತಾ. ಇದು ಯಾವ ಹಾಡು ಎಂದು ಹೊರಗೆ ಬಂದು ಕೇಳೋಣ ಎಂದುಕೊಂಡಿದ್ದೆ. ಹೊರಗೆ ಬಂದಾಗ ಬಾಯಿ ಜೋಮು ಹಿಡಿದಿತ್ತು.

ಏರ್ ಎಂಬ ಫ್ರೆಂಚ್ ಜೋಡಿಯ ಮೊದಲ ಪೂರ್ಣ ಆಲ್ಬಂ ಇದು. 1998ರ ಜನವರಿಯಲ್ಲಿ ಬಂತು. ಹತ್ತು ಟ್ರ್ಯಾಕ್, ಎಲ್ಲ ಸೇರಿ ಮುಕ್ಕಾಲು ಗಂಟೆಯೂ ಇಲ್ಲ. ಇಷ್ಟು ಮೆತ್ತಗಿನ ಆಲ್ಬಂ ಮೇಲೆ ಇಷ್ಟು ವರ್ಷ ವಾದ ಯಾಕೆ ನಡೆಯಿತು ಎಂದು ಹುಡುಕುತ್ತಾ ಹೋದರೆ, ಅದನ್ನು ಮಾಡಿದ ರೀತಿಯ ಹತ್ತಿರವೇ ಬಂದು ನಿಲ್ಲಬೇಕಾಗುತ್ತದೆ.

ಮೊದಲು ಊರಿನ ಮಾತು. ವರ್ಸೈ ಎಂದ ಕೂಡಲೇ ನಮಗೆ ನೆನಪಾಗುವುದು ಅರಮನೆ, ಕನ್ನಡಿಗಳ ಹಾಲ್, ತಲೆ ಕಳೆದುಕೊಂಡ ರಾಜ. ಅಲ್ಲಿ ಬೆಳೆಯುವ ಹುಡುಗರಿಗೆ ಅದು ಪ್ಯಾರಿಸ್ ಪಕ್ಕದ ಒಂದು ನೆಮ್ಮದಿಯ, ಸಿಕ್ಕಾಪಟ್ಟೆ ಶಿಸ್ತಿನ, ಸಂಜೆ ಮೇಲೆ ಏನೂ ನಡೆಯದ ಊರು. ಇಂಥ ಊರಲ್ಲಿ ಹುಡುಗರು ಬ್ಯಾಂಡ್ ಕಟ್ಟದೆ ಇನ್ನೇನು ಮಾಡುತ್ತಾರೆ? ನಿಕೊಲಾ ಗೊಡಾನ್, ಜಾನ್-ಬೆನ್ವಾ ಡಂಕೆಲ್ ಇಬ್ಬರೂ ಇಲ್ಲಿ ಆರೆಂಜ್ ಎಂಬ ರಾಕ್ ಬ್ಯಾಂಡಿನಲ್ಲಿದ್ದರು. ಅದೇ ಗುಂಪಿನಲ್ಲಿದ್ದ ಅಲೆಕ್ಸ್ ಗೋಫರ್ ಮುಂದೆ ಹೌಸ್ ಎಂಬ ಕ್ಲಬ್ ಕುಣಿತದ ಸಂಗೀತದಲ್ಲಿ ಹೆಸರು ಮಾಡಿದ. ಫೀನಿಕ್ಸ್ ಬ್ಯಾಂಡಿನ ಹುಡುಗರೂ ಇದೇ ಊರಿನವರು.

ಆರೆಂಜ್ ಹೆಚ್ಚು ದಿನ ಬಾಳಲಿಲ್ಲ. ಗೊಡಾನ್ ಆರ್ಕಿಟೆಕ್ಚರ್ ಓದಲು ಹೋದ, ಡಂಕೆಲ್ ಗಣಿತದ ಕಡೆಗೆ. ಇಬ್ಬರೂ ಹುಟ್ಟಿದ್ದು 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ಆಲ್ಬಂ ಹೆಸರಿಗೂ ಇದಕ್ಕೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಸಂಗೀತದಲ್ಲಿ ಕೇಳುವ ಬಾಹ್ಯಾಕಾಶ ಕಪ್ಪು ಬಿಳುಪು ಟಿವಿಯ ಕಾಲದ್ದು. ರಾಕೆಟ್ ಎಂದರೆ ಭಯವಿಲ್ಲದೆ ಬರೀ ಬೆರಗಷ್ಟೇ ಇದ್ದ ಕಾಲ.

1995ರಲ್ಲಿ ಸೋರ್ಸ್ ಎಂಬ ಕಂಪನಿ ಹೊಸಬರ ಸಂಗೀತದ ಸಂಕಲನ ತಂದಾಗ ಅದರಲ್ಲಿ ಏರ್ ಹೆಸರಿನ ಮೊದಲ ತುಣುಕು ಬಂತು. ಅದನ್ನು ಮಾಡಿದ್ದು ಗೊಡಾನ್ ಒಬ್ಬನೇ. ಹೆಸರು ‘ಮಾಡ್ಯುಲರ್ ಮಿಕ್ಸ್’. ನಮ್ಮ ಚಂಡೀಗಡದ ನಕ್ಷೆ ಹಾಕಿದ ಲ ಕಾರ್ಬೂಸಿಯೆ ಇದ್ದಾರಲ್ಲ, ಅವರು ಮನುಷ್ಯನ ದೇಹದ ಅಳತೆ ಹಿಡಿದು ಕಟ್ಟಡಕ್ಕೆ ಒಂದು ಮಾನದಂಡ ಮಾಡಿದ್ದರು. ಅದರ ಹೆಸರು ಮಾಡ್ಯುಲರ್. ಆರ್ಕಿಟೆಕ್ಚರ್ ವಿದ್ಯಾರ್ಥಿಗೆ ಹಾಡಿನ ಹೆಸರು ಸಿಕ್ಕಿದ್ದು ಕ್ಲಾಸ್‌ರೂಮಿನಲ್ಲೇ ಅನ್ನಿ. ಆಮೇಲೆ ಡಂಕೆಲ್ ಜೊತೆಯಾದ. ಏರ್ ಎಂದರೆ ಅಮೂರ್, ಇಮ್ಯಾಜಿನಾಸಿಯಾನ್, ರೆವ್: ಪ್ರೀತಿ, ಕಲ್ಪನೆ, ಕನಸು. ಮೂರು ಪದದ ಮೊದಲ ಅಕ್ಷರ ಸೇರಿಸಿದರೆ ಹೆಸರು. ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತೆ, ಆದರೆ ಆ ಹೆಸರಿಗೆ ತಕ್ಕಂತೆ ನುಡಿಸಿದ್ದಂತೂ ಹೌದು.

ಆ ಕಾಲದ ಫ್ರಾನ್ಸ್ ಹೇಗಿತ್ತು ಎನ್ನುವುದೂ ಇಲ್ಲಿ ಬೇಕು. ಇಂಗ್ಲಿಷ್ ಹಾಡುಗಳ ಪ್ರವಾಹದಿಂದ ಭಾಷೆಯನ್ನು ಉಳಿಸಬೇಕೆಂದು ಸರ್ಕಾರ ರೇಡಿಯೋಗಳಿಗೆ ಕಾನೂನು ಮಾಡಿತ್ತು. 1996ರ ಜನವರಿಯಿಂದ, ಜನ ಹೆಚ್ಚು ಕೇಳುವ ಹೊತ್ತಿನಲ್ಲಿ 40% ಹಾಡು ಫ್ರೆಂಚ್‌ನಲ್ಲೇ ಇರಬೇಕು. ರೇಡಿಯೋದಲ್ಲಿ ಯಾವ ಭಾಷೆ ಎಷ್ಟು ಎಂಬ ಜಗಳ ಬೆಂಗಳೂರಿನ ಎಫ್‌ಎಂ ಕೇಳಿದವರಿಗೆ ಹೊಸದೇನಲ್ಲ. ಕಾನೂನು ನೋಡುತ್ತಿದ್ದದ್ದು ಹಾಡಿನ ಭಾಷೆಯನ್ನು, ಹಾಡಿದವರ ಊರನ್ನಲ್ಲ. ಆದರೆ ಫ್ರಾನ್ಸಿನಿಂದ ಹೊರಗೆ ಹೋಗಿ ಗೆದ್ದ ಸಂಗೀತಕ್ಕೆ ಭಾಷೆಯೇ ಹೆಚ್ಚು ಇರಲಿಲ್ಲ! 1997ರ ಆರಂಭದಲ್ಲಿ ಡಾಫ್ಟ್ ಪಂಕ್ ಎಂಬ ಪ್ಯಾರಿಸ್ ಜೋಡಿಯ ‘ಹೋಮ್‌ವರ್ಕ್’ ಆಲ್ಬಂ ಬಂತು. ಮಾತಿಗಿಂತ ತಾಳ ಜಾಸ್ತಿ, ಇದ್ದ ಮಾತೂ ಇಂಗ್ಲಿಷ್. ಬ್ರಿಟಿಷ್ ಪತ್ರಿಕೆಗಳು ಈ ಅಲೆಯನ್ನು ‘ಫ್ರೆಂಚ್ ಟಚ್’ ಎಂದು ಕರೆದವು. ಫ್ರೆಂಚ್ ಪಾಪ್ ಎಂದರೆ ದಶಕಗಳ ಕಾಲ ಮೂಗು ಮುರಿದಿದ್ದವರು ಈಗ ಪ್ಯಾರಿಸ್ ವಿಮಾನ ಹತ್ತತೊಡಗಿದರು.

ಏರ್ ಜೋಡಿಯನ್ನೂ ಅದೇ ಬುಟ್ಟಿಗೆ ಹಾಕಿದರು. ಆದರೆ ಇವರ ಸಂಗೀತಕ್ಕೆ ಕುಣಿಯಲು ಹೋದರೆ ಮಧ್ಯದಲ್ಲೇ ನಿದ್ದೆ ಬಂದೀತು. ಬಿಡಿಯಾಗಿ ಬಂದಿದ್ದ ತುಣುಕುಗಳನ್ನು ಒಟ್ಟು ಮಾಡಿ 1997ರಲ್ಲಿ ‘ಪ್ರೆಮಿಯೆ ಸಿಂಪ್ಟೋಮ್’ ತಂದರು. ‘ಮೊದಲ ಲಕ್ಷಣಗಳು’ ಎಂದರ್ಥ. ಕಾಯಿಲೆ ಪೂರ್ತಿ ಬಂದಿದ್ದು ಅದೇ ವರ್ಷದ ವಸಂತದಲ್ಲಿ.

ಪ್ಯಾರಿಸ್ ಹೊರಗೆ 18ನೇ ಶತಮಾನದ ಒಂದು ಹಳೇ ಬಂಗಲೆ. ಇವರ ಕೈಯಲ್ಲಿ ಒಂದು ಎಂಟು ಟ್ರ್ಯಾಕ್ ರೆಕಾರ್ಡರ್. ಇಲ್ಲಿ ಟ್ರ್ಯಾಕ್ ಎಂದರೆ ಹಾಡಲ್ಲ, ಒಂದೊಂದು ವಾದ್ಯವನ್ನು ಬೇರೆ ಬೇರೆಯಾಗಿ ಹಿಡಿದಿಡುವ ಪಟ್ಟಿ. ಆ ಹೊತ್ತಿಗೆ ದೊಡ್ಡ ಸ್ಟುಡಿಯೋಗಳಲ್ಲಿ 48 ಟ್ರ್ಯಾಕ್ ಮಾಮೂಲಿಯಾಗಿತ್ತು. ಟ್ರ್ಯಾಕ್ ಕಡಿಮೆ ಇದ್ದರೆ ಏನಾಗುತ್ತದೆ? ಬೇಸ್‌ಗೆ ಒಂದು, ಡ್ರಮ್ಮಿಗೆ ಒಂದೆರಡು, ಪಿಯಾನೋಗೆ ಒಂದು ಕೊಟ್ಟರೆ ಮುಗಿಯಿತು, ಉಳಿದಿದ್ದು ಬೆರಳೆಣಿಕೆ. ಯಾವುದು ಬೇಕು, ಯಾವುದು ಬೇಡ ಎಂದು ಅಲ್ಲೇ ತೀರ್ಮಾನಿಸಬೇಕು. ಈ ಆಲ್ಬಮ್ಮಿನಲ್ಲಿ ವಾದ್ಯಗಳ ನಡುವೆ ಅಷ್ಟು ಗಾಳಿ ಬೆಳಕು ಇರುವುದರಲ್ಲಿ ಈ ಬಡತನದ ಪಾಲೂ ಇದೆ ಎನ್ನುವುದು ನನ್ನ ಲೆಕ್ಕ.

ಇನ್ನು ವಾದ್ಯಗಳು. ಮಿನಿಮೂಗ್, ಕೋರ್ಗ್ ಎಂಎಸ್-20, ಸೊಲಿನಾ ಎಂಬ ಸಿಂತ್‌ಗಳು, ಅಂದರೆ ಕರೆಂಟಿನಿಂದಲೇ ದನಿ ಹುಟ್ಟಿಸುವ ಕೀಬೋರ್ಡ್‌ಗಳು. ಜೊತೆಗೆ ರೋಡ್ಸ್ ಮತ್ತು ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋಗಳು. ಎಲ್ಲವೂ ಎಪ್ಪತ್ತರ ದಶಕದ ಸಾಮಾನು, ಕೆಲವು ಅದಕ್ಕಿಂತಲೂ ಹಳತು. 1983ರಲ್ಲಿ ಯಮಾಹಾ ಡಿಎಕ್ಸ್7 ಬಂದಿತ್ತು. ಡಿಜಿಟಲ್, ಹಗುರ, ಶ್ರುತಿ ತಪ್ಪುವುದಿಲ್ಲ, ಒಂದು ಗುಂಡಿ ಒತ್ತಿದರೆ ಇನ್ನೊಂದು ದನಿ. ಅದರ ಮುಂದೆ ಹಳೇ ಅನಲಾಗ್ ಸಿಂತ್‌ಗಳು ಗುಜರಿಯಂತೆ ಕಂಡವು. ಬಿಸಿಯಾದರೆ ಅವುಗಳ ಶ್ರುತಿ ಜಾರುತ್ತದೆ. ಮಿನಿಮೂಗ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಹುದು. ನಿನ್ನೆ ಸಿಕ್ಕ ದನಿ ಇವತ್ತು ಬೇಕೆಂದರೆ ಗುಂಡಿಗಳನ್ನೆಲ್ಲ ಮತ್ತೆ ಕೈಯಲ್ಲಿ ತಿರುಗಿಸಬೇಕು. ಹಾಗಾಗಿ ಎಷ್ಟೋ ಜನ ಸಿಕ್ಕ ಬೆಲೆಗೆ ಮಾರಿದರು. ಕಾಸಿಲ್ಲದ ಹುಡುಗರು ಕೊಂಡರು.

ಆ ಜಾರುವ ಶ್ರುತಿಯೇ ಈ ಸಂಗೀತದ ಜೀವ. ಬಿಸಿ ಏರಿಳಿದಂತೆ ಸ್ವರ ಕೂದಲೆಳೆಯಷ್ಟು ಅಲುಗುತ್ತದೆ, ಹಾಗಾಗಿ ಯಂತ್ರ ಉಸಿರಾಡಿದ ಹಾಗೆ ಕೇಳುತ್ತದೆ. ಅದರ ಮೇಲೆ ಇವರು ಬಹುಪಾಲು ಕೈಯಲ್ಲೇ ನುಡಿಸಿದರು. ಮೊದಲ ಟ್ರ್ಯಾಕ್ ‘ಲ ಫಾಮ್ ದಾರ್ಜಾನ್’ ಕೇಳಿ ನೋಡಿ. ಏಳು ನಿಮಿಷ, ಒಂದೂ ಮಾತಿಲ್ಲ. ಬೇಸ್ ಗಿಟಾರ್ ಊಟವಾದ ಮೇಲೆ ಅಡ್ಡಾಡಲು ಹೊರಟವರಂತೆ ನಡೆಯುತ್ತದೆ. ಎಲೆಕ್ಟ್ರಿಕ್ ಪಿಯಾನೋ ಜೊತೆಗೆ ಹರಟುತ್ತಾ ಹೋಗುತ್ತದೆ. ಹೆಸರಿನಲ್ಲೂ ಒಂದು ಆಟವಿದೆ. ಫ್ರೆಂಚ್‌ನಲ್ಲಿ ‘ಆರ್ಜಾನ್’ ಎಂದರೆ ಬೆಳ್ಳಿಯೂ ಹೌದು, ದುಡ್ಡೂ ಹೌದು. ನಮ್ಮ ‘ಹೊನ್ನು’ ಇದೆಯಲ್ಲ, ಹಾಗೆ. ಬೆಳ್ಳಿಯ ಹೆಣ್ಣೋ, ದುಡ್ಡಿನ ಹೆಣ್ಣೋ, ನಿಮಗೆ ಬಿಟ್ಟದ್ದು.

ಮಾತಿರುವ ಹಾಡುಗಳ ಕಥೆ ಬೇರೆ. ಪ್ಯಾರಿಸ್‌ನ ಮಾಂಟ್‌ಮಾರ್ತ್‌ನಲ್ಲಿ ಗೊಡಾನ್ ಮನೆಯ ಹತ್ತಿರವೇ ಬೆತ್ ಹರ್ಶ್ ಎಂಬ ಅಮೆರಿಕನ್ ಗಾಯಕಿ ಇದ್ದರು. ಹಿಂದಿನ ವರ್ಷದ ‘ಲೆ ಪ್ರೊಫೆಸಿಯೊನೆಲ್’ ಎಂಬ ವಾದ್ಯದ ತುಣುಕಿನ ಮೇಲೆ ಅವರು ಹಾಡಿದರು, ಅದು ‘ಆಲ್ ಐ ನೀಡ್’ ಆಯಿತು. ಅಕ್ಕಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದು ಹಾಡು ಕೊಟ್ಟು ಹೋದ ಹಾಗೆ. ‘ಕೆಲ್ಲಿ ವಾಚ್ ದಿ ಸ್ಟಾರ್ಸ್’ ಹಾಡಿನ ಕೆಲ್ಲಿ ಯಾರು ಎಂದರೆ ‘ಚಾರ್ಲೀಸ್ ಏಂಜಲ್ಸ್’ ಎಂಬ ಎಪ್ಪತ್ತರ ಅಮೆರಿಕನ್ ಧಾರಾವಾಹಿಯ ಪತ್ತೇದಾರಿಣಿ. ಅದರಲ್ಲಿ ದನಿಯನ್ನು ವೋಕೋಡರ್ ಮೂಲಕ ಹಾಯಿಸಿದ್ದಾರೆ, ಹಾಗಾಗಿ ರೋಬೋಟ್ ಹಾಡಿದಂತೆ ಕೇಳುತ್ತದೆ. ಈ ಯಂತ್ರ ಹುಟ್ಟಿದ್ದು ಹಾಡಿಗಲ್ಲ. ಟೆಲಿಫೋನ್ ತಂತಿಯಲ್ಲಿ ಕಡಿಮೆ ಜಾಗದಲ್ಲಿ ಮಾತು ಕಳಿಸಲು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1930ರ ದಶಕದಲ್ಲಿ ಮಾಡಿದ್ದು, ಯುದ್ಧದಲ್ಲಿ ಗುಟ್ಟಿನ ಮಾತಿಗೂ ಬಳಕೆಯಾಯಿತು. ಅಷ್ಟೆಲ್ಲ ಸಾಹಸ ಮಾಡಿದ ಯಂತ್ರ ಕೊನೆಗೆ ಟಿವಿ ನಾಯಕಿಯ ಹೆಸರು ಜಪಿಸಿತು.

ಹಾಗೆ ನೋಡಿದರೆ ಹಳಬರನ್ನು ಕರೆತರುವುದು ಇವರಿಗೆ ವಾದ್ಯಗಳಿಗಷ್ಟೇ ಸೀಮಿತವಾಗಿರಲಿಲ್ಲ. ‘ರಿಮೆಂಬರ್’ ಹಾಡಿನ ರಚನೆಯಲ್ಲಿ ಜಾನ್-ಜಾಕ್ ಪೆರ‍್ರೆ ಹೆಸರಿದೆ. ಸಿಂತ್ ಎಂಬ ಪದವೇ ಜನಕ್ಕೆ ಗೊತ್ತಿಲ್ಲದ ಕಾಲದಲ್ಲಿ ಒಂಡಿಯೊಲಿನ್ ಎಂಬ ಫ್ರೆಂಚ್ ಎಲೆಕ್ಟ್ರಾನಿಕ್ ವಾದ್ಯವನ್ನು ಊರೂರಿಗೆ ಹೊತ್ತು ತೋರಿಸುತ್ತಿದ್ದವರು ಇವರು. ತಂತಿವಾದ್ಯಗಳ ಭಾಗ ಬರೆಯಲು ಡೇವಿಡ್ ವಿಟೇಕರ್ ಎಂಬ ಬ್ರಿಟಿಷ್ ಹಿರಿಯರನ್ನು ಹುಡುಕಿದರು. ಅರವತ್ತರ ದಶಕದಲ್ಲಿ ಫ್ರೆಂಚ್ ಪಾಪ್‌ಗೂ ಬರೆದುಕೊಟ್ಟಿದ್ದ ಕೈ ಅದು. ರೆಕಾರ್ಡಿಂಗ್ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ. ಹಳೇ ಬಂಗಲೆಯ ಎಂಟು ಟ್ರ್ಯಾಕಿನಿಂದ ನೇರ ಬೀಟಲ್ಸ್ ಮನೆಗೆ!

ಇದೇ ಆಲ್ಬಮ್ಮಿನ ‘ಸೆಕ್ಸಿ ಬಾಯ್’ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದಾಗ ಹಾಡುತ್ತಿರುವುದು ಗಂಡೋ ಹೆಣ್ಣೋ ಎಂದು ಕೇಳುಗರಿಗೆ ಗೊಂದಲ. ಸಾಲುಗಳು ಫ್ರೆಂಚ್, ಮತ್ತೆ ಮತ್ತೆ ಬರುವ ಹುಕ್ ಮಾತ್ರ ಇಂಗ್ಲಿಷ್. ಕಟ್ಟುಮಸ್ತಾದ ಮೈಯ ಹೀರೋಗಳ ಬಗ್ಗೆ, ಹಾಗೆ ಇಲ್ಲದ ಇಬ್ಬರು ಹುಡುಗರು ತೆಳ್ಳನೆಯ ದನಿಯಲ್ಲಿ ಹಾಡುವುದೇ ಅದರ ತಮಾಷೆ. ವಿಡಿಯೋ ಮಾಡಿದ್ದು ಅಮೆರಿಕದ ಮೈಕ್ ಮಿಲ್ಸ್, ಆಲ್ಬಮ್ಮಿನ ಚಿತ್ರವೂ ಅವರದೇ. ಒಂದು ಆಟಿಕೆ ಮಂಗ ಚಂದ್ರನತ್ತ ಹೊರಡುವ ವಿಡಿಯೋ ಅದು. ಬ್ರಿಟನ್ನಿನ ಮಾರಾಟದ ಪಟ್ಟಿಗಳಲ್ಲಿ ಹಾಡು 13ನೇ ಸ್ಥಾನಕ್ಕೆ ಏರಿತು, ಆಲ್ಬಂ 6ನೇ ಸ್ಥಾನಕ್ಕೆ. ಟಿವಿ ಕಾರ್ಯಕ್ರಮಗಳಲ್ಲಿ ನುಡಿಸಲು ಹೋದಾಗ ಹಿಂದೆ ನಿಂತ ವಾದ್ಯದವರು ಯಾರು ಗೊತ್ತೇ? ಆಗಿನ್ನೂ ಯಾರಿಗೂ ಗೊತ್ತಿಲ್ಲದ ಫೀನಿಕ್ಸ್ ಹುಡುಗರು. ಊರಿನವರಿಗೆ ಊರಿನವರೇ.

ಸ್ವಂತ ಮನೆಗಿಂತ ಪಕ್ಕದ ಮನೆಯಲ್ಲಿ ಇವರಿಗೆ ಆದರ ಜಾಸ್ತಿ ಸಿಕ್ಕಿತು. ಬ್ರಿಟಿಷರು ಆಗ ಪೋರ್ಟಿಸ್‌ಹೆಡ್, ಮ್ಯಾಸಿವ್ ಅಟ್ಯಾಕ್ ಎಂಬ ತಮ್ಮದೇ ಬ್ಯಾಂಡ್‌ಗಳನ್ನು ಕೇಳಿ ನಿಧಾನ ತಾಳಕ್ಕೆ ಕಿವಿ ಹದ ಮಾಡಿಕೊಂಡಿದ್ದರು. ಆದರೆ ಅವು ಮಳೆಗಾಲದ ಸಂಗೀತ, ಏರ್ ಬಿಸಿಲು ಕಾಯಿಸುವ ಸಂಗೀತ. ಕ್ಲಬ್ಬಿನಿಂದ ಬೆಳಗಿನ ಜಾವ ಮನೆಗೆ ಬಂದವರಿಗೆ ಏನು ಹಾಕಿಕೊಳ್ಳುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ. ‘ಚಿಲ್ ಔಟ್’, ‘ಲೌಂಜ್’ ಎಂಬ ಹಣೆಪಟ್ಟಿಯ ಸಿಡಿಗಳು ಮಾರುಕಟ್ಟೆ ತುಂಬಿದವು. ಹೋಟೆಲ್ ಲಾಬಿ, ಬಟ್ಟೆ ಅಂಗಡಿ, ಜಾಹೀರಾತು, ಎಲ್ಲೆಡೆ ಏರ್, ಇಲ್ಲವೇ ಏರ್ ಥರದ್ದು. ನಕಲುಗಳಿಗೆ ಬಂಗಲೆಯೂ ಬೇಕಿರಲಿಲ್ಲ, ಜಾರುವ ಶ್ರುತಿಯೂ ಬೇಕಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ರೋಡ್ಸ್ ದನಿ, ಒಂದು ಮೆತ್ತನೆ ತಾಳ ಸಾಕು. ನಕಲು ಹೆಚ್ಚಾದಷ್ಟೂ ಅಸಲು ಕೂಡ ನಕಲಿನ ಹಾಗೆ ಕೇಳಿಸಿತು. ‘ಸೋಫಾ ಸಂಗೀತ’ ಎಂಬರ್ಥದ ಮಾತು ಬಂದದ್ದು ಹೀಗೆ. ಇದರಲ್ಲಿ ಸ್ವಲ್ಪ ನಿಜವೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಆಲ್ಬಮ್ಮಿನ ಕೊನೆಯ ಮೂರು ಟ್ರ್ಯಾಕ್‌ಗಳಲ್ಲಿ ನನ್ನ ಗಮನವೂ ಎಷ್ಟೋ ಸಲ ಕಿಟಕಿಯಾಚೆ ಹೋಗಿದೆ.

ಸೋಫಿಯಾ ಕೊಪೊಲಾ ತಮ್ಮ ಮೊದಲ ಚಿತ್ರ ‘ದಿ ವರ್ಜಿನ್ ಸೂಸೈಡ್ಸ್’ಗೆ ಇವರಿಂದ ಸಂಗೀತ ಮಾಡಿಸಿದಾಗ ಅದೇ ಮೆತ್ತನೆ ದನಿ ಕತ್ತಲಿನ ಕಡೆ ತಿರುಗಿತು. 2001ರ ‘10,000 ಹರ್ಟ್ಸ್ ಲೆಜೆಂಡ್’ ಇನ್ನೂ ಒರಟು. ಸೋಫಾ ಮೇಲೆ ಒರಗಿದ್ದವರನ್ನು ಎಬ್ಬಿಸುವ ಹಾಗಿತ್ತು. ‘ಮೂನ್ ಸಫಾರಿ’ಯ ಎರಡನೇ ಭಾಗ ಬರುತ್ತದೆ ಎಂದು ಕಾದಿದ್ದ ವಿಮರ್ಶಕರು, ಅಭಿಮಾನಿಗಳು ಗೊಂದಲಕ್ಕೆ ಬಿದ್ದರು. ಹಿನ್ನೆಲೆ ಸಂಗೀತ ಎಂದು ಬೈದವರೇ ಈಗ ಆ ಹಿನ್ನೆಲೆ ಎಲ್ಲಿ ಹೋಯಿತು ಎಂದು ಕೇಳಿದರು.

ಈ ಬೈಗುಳಕ್ಕೆ ಫ್ರಾನ್ಸ್‌ನಲ್ಲಿ ಒಬ್ಬ ತಾತ ಇದ್ದಾನೆ. ಎರಿಕ್ ಸತಿ ಎಂಬ ಸಂಗೀತಗಾರ 1917ರಲ್ಲೇ ‘ಪೀಠೋಪಕರಣ ಸಂಗೀತ’ ಎಂಬ ಹೆಸರಿಟ್ಟು, ಯಾರೂ ಕೇಳದೆ ಇರಲಿ ಎಂದೇ ಸಂಗೀತ ಬರೆದ. 1920ರಲ್ಲಿ ಪ್ಯಾರಿಸ್‌ನ ಒಂದು ಗ್ಯಾಲರಿಯಲ್ಲಿ, ನಾಟಕದ ಮಧ್ಯಂತರದಲ್ಲಿ ನುಡಿಸಿದಾಗ ಜನ ಕೂತು ಕಿವಿಗೊಟ್ಟರು. ಮಾತಾಡಿ, ಓಡಾಡಿ, ಕೇಳಬೇಡಿ ಎಂದು ಸತಿ ಗೋಗರೆದನಂತೆ. ಜನ ಸುಮ್ಮನೆ ಕೂತು ಕೇಳಿದರು.

2024ರಲ್ಲಿ ಏರ್ ಜೋಡಿ ‘ಮೂನ್ ಸಫಾರಿ’ಯನ್ನು ಮೊದಲ ಟ್ರ್ಯಾಕಿನಿಂದ ಕೊನೆಯವರೆಗೆ, ಅದೇ ಕ್ರಮದಲ್ಲಿ ನುಡಿಸುತ್ತಾ ಊರೂರು ಸುತ್ತಿತು. ವೇದಿಕೆಯ ಮೇಲೆ ಉದ್ದನೆಯ ಬಿಳಿ ಪೆಟ್ಟಿಗೆ, ಅದರೊಳಗೆ ಬಿಳಿ ಬಟ್ಟೆ ತೊಟ್ಟ ಇಬ್ಬರು, ಜೊತೆಗೊಬ್ಬ ಡ್ರಮ್ಮರ್. ಅದೇ ವರ್ಷ ಆಗಸ್ಟ್ 11ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ಫೀನಿಕ್ಸ್ ನುಡಿಸುವಾಗ ಇವರಿಬ್ಬರನ್ನೂ ವೇದಿಕೆಗೆ ಕರೆದರು. ಒಂದು ಕಾಲದಲ್ಲಿ ಇವರ ಹಿಂದೆ ನಿಂತಿದ್ದ ವಾದ್ಯದವರು ಈಗ ಆತಿಥೇಯರು. ಆ ಒಲಿಂಪಿಕ್ಸ್‌ನ ಕುದುರೆ ಸವಾರಿ ನಡೆದದ್ದು ವರ್ಸೈ ಅರಮನೆಯ ತೋಟದಲ್ಲಿ. ಕೊನೆಗೂ ಊರಿನಲ್ಲಿ ಏನೋ ಒಂದು ನಡೆಯಿತು.