ಬಾಸೆಲ್‌ನಿಂದ ಬಲ್ಮಠಕ್ಕೆ ಬಂದದ್ದು, ಬಾರದೇ ಉಳಿದದ್ದು

ಮಂಗಳೂರಿನವರಿಗೆ ಬಾಸೆಲ್ ಎಂದರೆ ಹಂಚು, ಮಗ್ಗ, ಅಚ್ಚುಕೂಟ. 1834ರಲ್ಲಿ ಸ್ವಿಟ್ಜರ್ಲೆಂಡಿನ ಆ ಊರಿನ ಮಿಷನ್ ಕಳುಹಿಸಿದ ಪಾದ್ರಿಗಳು ಇಲ್ಲಿ ಬಂದಿಳಿದರು. ಅದೇ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಭೆಗಳ (ಚರ್ಚುಗಳ) ಒಕ್ಕೂಟ 2019ರಲ್ಲಿ ಸಲಿಂಗ ವಿವಾಹವನ್ನು ಬೆಂಬಲಿಸಿತು, 2021ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ. 64ರಷ್ಟು ಮಂದಿ ಅದನ್ನು ಒಪ್ಪಿದರು. ಮಿಷನ್ ನೆಲೆಸಿದ್ದ ಮಂಗಳೂರಿನ ಬಲ್ಮಠದವರೆಗೆ ಆ ಸುದ್ದಿ ಬಂದಿರಬಹುದು, ಆ ಮದುವೆಯಂತೂ ಬಂದಿಲ್ಲ.

ಸಲಿಂಗ ಪ್ರೇಮ ಪಾಶ್ಚಾತ್ಯರ ಚಾಳಿ ಎನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದನ್ನು ಅಪರಾಧವೆಂದ ಭಾರತೀಯ ದಂಡಸಂಹಿತೆಯ 377ನೇ ಕಲಮು ಮಾತ್ರ ಯಾರ ಚಾಳಿ? ಇಂಗ್ಲೆಂಡಿನ ಮೆಕಾಲೆಯ ಕರಡಿನಿಂದ ಹುಟ್ಟಿ 1860ರಲ್ಲಿ ಶಾಸನವಾದದ್ದು ಅದು.

ಈ ಬಗೆಯ ಕಾನೂನಿನ ಬೇರು ಅಲುಗಿಸಿದವರಲ್ಲಿ ಅದೇ ಇಂಗ್ಲೆಂಡಿನ ಪಾದ್ರಿಗಳೂ ಇದ್ದರು. ಪಾಪ ಬೇರೆ, ಅಪರಾಧ ಬೇರೆ. ಪಾಪಕ್ಕೆ ಪೊಲೀಸರೇಕೆ ಎಂಬುದು ಅವರ ವಾದ. 1967ರಲ್ಲಿ ಅಲ್ಲಿ ಕಾನೂನು ಸಡಿಲವಾದಾಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರಾಮ್ಸೆ ಅದರ ಪರವಾಗಿದ್ದರು. ಮದುವೆಯ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ.

ನನಗೆ ಹೆಚ್ಚು ಹಿಡಿಸುವುದು ಸ್ಯಾನ್‌ಫ್ರಾನ್ಸಿಸ್ಕೋದ ಪ್ರಸಂಗ. 1965ರ ಹೊಸವರ್ಷದ ರಾತ್ರಿ ಕೆಲವು ಪಾದ್ರಿಗಳು ಸಲಿಂಗಿಗಳ ಸಂಘಟನೆಗಳೊಂದಿಗೆ ಸೇರಿ ನೃತ್ಯಕೂಟ ಏರ್ಪಡಿಸಿದ್ದರು. ಬಾಗಿಲಲ್ಲಿ ನಿಂತ ಪೊಲೀಸರು ಒಳಹೋಗುವ ಒಬ್ಬೊಬ್ಬರ ಫೋಟೊ ತೆಗೆದರು; ತಡೆಯಲು ಬಂದ ವಕೀಲರನ್ನೇ ಬಂಧಿಸಿದರು. ಮರುದಿನ ಪಾದ್ರಿಗಳು ಪತ್ರಿಕಾಗೋಷ್ಠಿ ಕರೆದು ಪೊಲೀಸರನ್ನು ತರಾಟೆಗೆ ತೆಗೆದುಕೊಂಡರು. ಸಲಿಂಗಿಗಳು ದಿನಾ ಉಣ್ಣುತ್ತಿದ್ದ ಅವಮಾನ ಬಿಳಿ ಕೊರಳಪಟ್ಟಿಯವರಿಗೆ ಒಂದೇ ರಾತ್ರಿಯಲ್ಲಿ ತಿಳಿದಿತ್ತು. ಮೂರು ವರ್ಷ ಕಳೆದು, ಲಾಸ್ ಏಂಜಲೀಸ್‌ನಲ್ಲಿ ಟ್ರಾಯ್ ಪೆರಿ ಎಂಬ ಪಾದ್ರಿ ತನ್ನ ಮನೆಯಲ್ಲೇ ಹನ್ನೆರಡು ಮಂದಿಯನ್ನು ಕೂರಿಸಿಕೊಂಡು ಹೊಸ ಸಭೆ ಆರಂಭಿಸಿದ. 1969ರಲ್ಲಿ ಸಲಿಂಗ ಜೋಡಿಗೆ ಮದುವೆಯನ್ನೂ ಮಾಡಿಸಿದ.

ಭಾರತದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ 377ನ್ನು ಎತ್ತಿಹಿಡಿದಾಗ, ಸಲಿಂಗಿಗಳನ್ನು ಕಥೊಲಿಕ ಸಭೆಯು ಎಂದೂ ಅಪರಾಧಿಗಳೆಂದು ಕಂಡಿಲ್ಲ ಎಂದವರು ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್. ಮದುವೆಯನ್ನು ಮಾತ್ರ ಅವರು ಒಪ್ಪಲಿಲ್ಲ. ಪಾಪ ಬೇರೆ, ಅಪರಾಧ ಬೇರೆ ಎಂಬ ರಾಮ್ಸೆಯವರ ಹಳೆಯ ಗೆರೆ ಇಲ್ಲೂ ಹಾಗೆಯೇ ಉಳಿಯಿತು. 2018ರಲ್ಲಿ ಅಪರಾಧದ ಹಣೆಪಟ್ಟಿ ಕಳಚಿತು. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕನ್ನು ನ್ಯಾಯಾಲಯ ನಿರಾಕರಿಸಿತು. ಇಲ್ಲಿನ ಪಾದ್ರಿಯೊಬ್ಬರು ಮನಸ್ಸು ಮಾಡಿದರೂ 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಅಂಥ ಮದುವೆಗೆ ದಾರಿಯಿಲ್ಲ.

2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಸಲಿಂಗ ಜೋಡಿಗಳನ್ನು ಆಶೀರ್ವದಿಸಲು ಧರ್ಮಗುರುಗಳಿಗೆ ಅನುಮತಿ ನೀಡಿತು. ಷರತ್ತು ಬಿಗಿ: ಮದುವೆಯ ಉಡುಪು ಕೂಡದು, ಮದುವೆಯ ಮಾತು ಕೂಡದು, ವಿಧಿ ಕೂಡದು. ರೋಮ್‌ನ ಆ ಪತ್ರದಲ್ಲಿ ನಮ್ಮೂರಿನ ಕಥೊಲಿಕರ ಮದುವೆಯ ಆಚರಣೆಯಾದ ರೋಸ್‌ನ ಪ್ರಸ್ತಾಪವಿಲ್ಲ. ರೋಸ್ ಇಗರ್ಜಿಯೊಳಗಿನ (ಚರ್ಚಿನೊಳಗಿನ) ಶಾಸ್ತ್ರವೂ ಅಲ್ಲ. ಮದುವೆಯ ಮುನ್ನಾದಿನ ಚಪ್ಪರದಡಿ ಕೂತವರಿಗೆ ಮನೆಯವರು, ನೆಂಟರು, ನೆರೆಯವರು ಸರದಿಯಂತೆ ಬಂದು ತೆಂಗಿನ ಹಾಲು ಹಚ್ಚುತ್ತಾರೆ.